ಬರೆದ ಅಭಿಪ್ರಾಯ ಎಲ್ಲಿ ಹೋಯಿತು?

ಒಳ್ಳೆಯ ಪುಸ್ತಕ ಓದಿ ಮುಗಿಸಿದವರಿಗೆ ಅದರ ಬಗ್ಗೆ ಇನ್ನೊಬ್ಬರಿಗೆ ಹೇಳಬೇಕು ಅನಿಸುವುದು ಸಹಜ. ಹಿಂದೆ ಲೇಖಕರ ವಿಳಾಸಕ್ಕೆ ಕಾರ್ಡು ಬರೆಯುತ್ತಿದ್ದರು, ಪತ್ರಿಕೆಯ ಓದುಗರ ಅಂಕಣಕ್ಕೆ ಕಳಿಸುತ್ತಿದ್ದರು. ಈಗ ಪುಸ್ತಕ ಕೊಂಡ ಜಾಲತಾಣದಲ್ಲೇ ಅದಕ್ಕೊಂದು ಜಾಗ ಇರುತ್ತದೆ. ಕೂತು, ಯೋಚಿಸಿ, ಬರೆದು, ಕಳಿಸುವ ಗುಂಡಿ ಒತ್ತಿದ ಮೇಲೆ ಶುರುವಾಗುತ್ತದೆ ತಕರಾರು. ಕೆಲವರ ಬರಹ ಪುಟದಲ್ಲಿ ಕಾಣಿಸುವುದೇ ಇಲ್ಲ. ಕೆಲವರದು ನಾಲ್ಕು ದಿನ ಇದ್ದು ಮಾಯವಾಗುತ್ತದೆ. ಇನ್ನು ಕೆಲವರಿಗೆ ‘ನಿಮ್ಮ ಬರಹ ನಮ್ಮ ನಿಯಮಗಳಿಗೆ ಹೊಂದುವುದಿಲ್ಲ’ ಎಂಬ ಮೇಲ್ ಬರುತ್ತದೆ. ಯಾವ ನಿಯಮ, ಯಾವ ಸಾಲು ಎಂಬುದು ಅದರಲ್ಲಿ ಇರುವುದಿಲ್ಲ. ಕನ್ನಡದಲ್ಲಿ ಬರೆದವರು ಕೆಲವೊಮ್ಮೆ ತಮ್ಮ ಮಾತಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಉದ್ದ ಸಾಲನ್ನು ನೋಡಬೇಕಾಗುತ್ತದೆ. ಒಂದೆರಡು ಸಲ ಹೀಗಾದರೆ ಸಾಕು, ಬಹಳಷ್ಟು ಜನ ಮತ್ತೆ ಆ ಕಡೆ ಸುಳಿಯುವುದಿಲ್ಲ.

ಹಾಗೆ ಬಿಟ್ಟುಬಿಡುವುದರಿಂದ ನಷ್ಟ ಆಗುವುದು ಕನ್ನಡ ಪುಸ್ತಕಕ್ಕೆ. ಇಂಗ್ಲಿಷಿನ ಜನಪ್ರಿಯ ಕಾದಂಬರಿಯ ಕೆಳಗೆ ಸಾವಿರಾರು ಅಭಿಪ್ರಾಯಗಳಿರುತ್ತವೆ. ಅಲ್ಲಿ ಒಂದು ಹೆಚ್ಚಾದರೂ ಒಂದು ಕಡಿಮೆಯಾದರೂ ಯಾರಿಗೂ ತಿಳಿಯದು. ಸಾಮಾನ್ಯವಾಗಿ ಸಾವಿರ ಪ್ರತಿ ಅಚ್ಚಾಗುವ ಕನ್ನಡದ ಕಥಾಸಂಕಲನದ ಸ್ಥಿತಿ ಬೇರೆ. ಪತ್ರಿಕೆಗಳ ಪುರವಣಿಯಲ್ಲಿ ಪುಸ್ತಕ ಪರಿಚಯಕ್ಕೆ ಸಿಗುವ ಜಾಗ ಕಡಿಮೆ. ಒಳ್ಳೆಯ ಪುಸ್ತಕದಂಗಡಿ ಇಲ್ಲದ ತಾಲ್ಲೂಕು ಕೇಂದ್ರಗಳು ಎಷ್ಟೋ ಇವೆ. ಅಂಥ ಊರಿನ ಓದುಗರಾಗಲಿ, ದುಬೈಯಲ್ಲೋ ನ್ಯೂಜೆರ್ಸಿಯಲ್ಲೋ ಇರುವ ಕನ್ನಡಿಗರಾಗಲಿ ಪುಸ್ತಕವನ್ನು ಕೈಗೆತ್ತಿಕೊಂಡು ಹಾಳೆ ತಿರುವಿ ನೋಡಲಾರರು. ಮುಖಪುಟದ ಚಿತ್ರ, ಬೆನ್ನುಡಿಯ ಎರಡು ಸಾಲು, ಅದರ ಕೆಳಗೆ ಓದಿದವರು ಯಾರಾದರೂ ಬರೆದ ನಾಲ್ಕು ಮಾತು, ಇಷ್ಟನ್ನು ನಂಬಿಯೇ ಅವರು ದುಡ್ಡು ಕೊಡಬೇಕು. ಆ ನಾಲ್ಕು ಮಾತು ಅಲ್ಲಿರಬೇಕು ಎಂಬ ಕಾಳಜಿಯಿಂದಲೇ ಈ ಲೇಖನ.

ಇಷ್ಟೊಂದು ಅನುಮಾನ ಏಕೆ?

ಅಂಗಡಿಗಳು ಓದುಗರನ್ನು ಅನುಮಾನದಿಂದ ನೋಡಲು ಕಾರಣವಿದೆ. ಅಮೆಜಾನ್ 1995ರಲ್ಲಿ ಪುಸ್ತಕ ಮಾರಲು ಶುರು ಮಾಡಿದಾಗಲೇ ಗ್ರಾಹಕರಿಗೆ ಅಭಿಪ್ರಾಯ ಬರೆಯಲು ಅವಕಾಶ ಕೊಟ್ಟಿತ್ತು. ಹೊಗಳಿಕೆಯ ಜತೆ ತೆಗಳಿಕೆಯನ್ನೂ ಅಂಗಡಿಯವರೇ ಪ್ರಕಟಿಸುವುದು ಆಗ ಹೊಸ ಸಂಗತಿ. ಬರೆದವರ ನಿಜವಾದ ಹೆಸರು ತಿಳಿಯುತ್ತಿರಲಿಲ್ಲ. 2004ರ ಫೆಬ್ರುವರಿಯಲ್ಲಿ ಅಮೆಜಾನ್‌ನ ಕೆನಡಾ ತಾಣದಲ್ಲಿ ತಾಂತ್ರಿಕ ದೋಷವೊಂದು ಕಾಣಿಸಿಕೊಂಡು, ಅನಾಮಧೇಯರಾಗಿ ಬರೆದವರ ಅಸಲಿ ಹೆಸರುಗಳು ಬಯಲಾದವು. ತಮ್ಮ ಪುಸ್ತಕಕ್ಕೆ ತಾವೇ ಐದು ಸ್ಟಾರ್ ಕೊಟ್ಟುಕೊಂಡ ಲೇಖಕರು ಅದರಲ್ಲಿ ಇದ್ದರು. ಅಮೆರಿಕದ ಹಿರಿಯ ಕಾದಂಬರಿಕಾರ ಜಾನ್ ರೆಚಿ ಅದನ್ನು ಒಪ್ಪಿಕೊಂಡರು.

2010ರಲ್ಲಿ ಬ್ರಿಟನ್ನಿನ ಇತಿಹಾಸಕಾರ ಒರ್ಲಾಂಡೊ ಫೈಜಸ್ ಸುಳ್ಳು ಹೆಸರಿನಲ್ಲಿ ತಮ್ಮ ಪುಸ್ತಕವನ್ನು ಹೊಗಳಿ, ಅದೇ ವಿಷಯದ ಮೇಲೆ ಬರೆಯುವ ಇತರರ ಪುಸ್ತಕಗಳನ್ನು ಹೀಗಳೆದದ್ದು ಬೆಳಕಿಗೆ ಬಂತು. ಎರಡೇ ವರ್ಷದಲ್ಲಿ, ಅಂದರೆ 2012ರಲ್ಲಿ, ಪತ್ತೇದಾರಿ ಕಾದಂಬರಿಕಾರ ಆರ್. ಜೆ. ಎಲ್ಲೊರಿ ಕೂಡ ಅದೇ ರೀತಿ ಸಿಕ್ಕಿಬಿದ್ದರು. ಹಣ ಪಡೆದು ಡಜನ್‌ಗಟ್ಟಲೆ ಅಭಿಪ್ರಾಯ ಬರೆಸಿಕೊಡುವ ದಂಧೆಯ ವಿವರ ಅಮೆರಿಕದ ಪತ್ರಿಕೆಗಳಲ್ಲಿ ಬಂದದ್ದೂ ಅದೇ ವರ್ಷ. ಆ ಬಳಿಕ ಅಮೆಜಾನ್ ದೊಡ್ಡ ಪ್ರಮಾಣದಲ್ಲಿ ಅಭಿಪ್ರಾಯಗಳನ್ನು ತೆಗೆದುಹಾಕಿತು. ಪ್ರಾಮಾಣಿಕವಾಗಿ ಬರೆದ ಎಷ್ಟೋ ಓದುಗರ, ಲೇಖಕರ ಬರಹಗಳೂ ಆ ಜರಡಿಯಲ್ಲಿ ಹೋದವು. ಈಗ ನಮಗೆ ಬರುವ ಕಾರಣವಿಲ್ಲದ ತಿರಸ್ಕಾರದ ಮೇಲ್‌ಗಳ ಬೇರು ಅಲ್ಲಿದೆ.

ತೆಗಳುವವರ ಗುಂಪು ಇನ್ನೊಂದು ಬಗೆಯ ಸಮಸ್ಯೆ. ಹಿಲರಿ ಕ್ಲಿಂಟನ್ ಅವರ ‘ವಾಟ್ ಹ್ಯಾಪನ್ಡ್’ 2017ರ ಸೆಪ್ಟೆಂಬರ್‌ನಲ್ಲಿ ಹೊರಬಂದ ಕೂಡಲೇ ಅದನ್ನು ಓದುವಷ್ಟು ಸಮಯವೂ ಆಗಿರದಾಗ ನೂರಾರು ಒಂದು ಸ್ಟಾರ್ ಅಭಿಪ್ರಾಯಗಳು ಬಿದ್ದವು. ಅಮೆಜಾನ್ ಅವುಗಳಲ್ಲಿ ಬಹುಪಾಲನ್ನು ಅಳಿಸಿತು. 2023ರಲ್ಲಿ ಎಲಿಜಬೆತ್ ಗಿಲ್ಬರ್ಟ್ ರಷ್ಯಾದ ಹಿನ್ನೆಲೆಯ ಕಾದಂಬರಿಯನ್ನು ಘೋಷಿಸಿದಾಗ, ಪುಸ್ತಕ ಅಚ್ಚಾಗುವುದಕ್ಕೂ ಮೊದಲೇ ಓದುಗರ ತಾಣವಾದ ಗುಡ್‌ರೀಡ್ಸ್‌ನಲ್ಲಿ ಒಂದು ಸ್ಟಾರ್‌ಗಳ ಸುರಿಮಳೆಯಾಯಿತು. ಅವರು ಪ್ರಕಟಣೆಯನ್ನೇ ತಡೆಹಿಡಿದರು. ಅದೇ ವರ್ಷದ ಕೊನೆಗೆ ಹೊಸ ಲೇಖಕಿಯೊಬ್ಬರು ನಕಲಿ ಖಾತೆಗಳಿಂದ ಇತರ ಹೊಸಬರ ಪುಸ್ತಕಗಳಿಗೆ ಕಡಿಮೆ ಸ್ಟಾರ್ ಕೊಟ್ಟದ್ದು ಬಯಲಾಗಿ, ಪ್ರಕಾಶಕರು ಅವರ ಪುಸ್ತಕವನ್ನೇ ಕೈಬಿಟ್ಟರು.

ಇಂಥದ್ದನ್ನು ತಡೆಯಲು ಹಾಕಿದ ಬೇಲಿಗೆ ಪ್ರಾಮಾಣಿಕ ಓದುಗರೂ ಸಿಕ್ಕಿಕೊಳ್ಳುತ್ತಾರೆ. ಬೇಲಿ ಎಲ್ಲೆಲ್ಲಿದೆ ಎಂದು ಗೊತ್ತಿದ್ದರೆ ಅರ್ಧ ಕಷ್ಟ ತಪ್ಪುತ್ತದೆ.

ಕಳಿಸುವ ಮೊದಲು

ದೊಡ್ಡ ತಾಣಗಳಲ್ಲಿ ಖಾತೆ ತೆರೆದ ಮಾತ್ರಕ್ಕೆ ಬರೆಯುವ ಅರ್ಹತೆ ಬರುವುದಿಲ್ಲ. ಅಮೆರಿಕದ ಅಮೆಜಾನ್‌ನಲ್ಲಿ ಕಳೆದ 12 ತಿಂಗಳಲ್ಲಿ ಕನಿಷ್ಠ 50 ಡಾಲರ್ ಖರೀದಿ ಮಾಡಿರಬೇಕು. ಮಗ ಉಡುಗೊರೆಯಾಗಿ ಕಳಿಸಿದ ಪುಸ್ತಕವನ್ನೋ ಗ್ರಂಥಾಲಯದಿಂದ ತಂದ ಪುಸ್ತಕವನ್ನೋ ಓದಿ, ಹೊಸ ಖಾತೆ ತೆರೆದು ಬರೆಯಲು ಹೊರಟವರಿಗೆ ಗುಂಡಿ ಕೆಲಸ ಮಾಡದಿರುವುದು ಇದರಿಂದ. ನೀವು ವಾಸಿಸುವ ದೇಶದ ತಾಣದಲ್ಲಿ ಈ ಷರತ್ತು ಎಷ್ಟಿದೆ ಎಂಬುದು ಅಲ್ಲಿನ ಸಮುದಾಯ ನಿಯಮಗಳ ಪುಟದಲ್ಲಿ ಇರುತ್ತದೆ. ಬರೆಯುವ ಮೊದಲೇ ನೋಡಿಕೊಳ್ಳಿ. ಬರೆದ ಮೇಲೆ ನೋಡಿದರೆ ಶ್ರಮ ದಂಡ.

ಅದೇ ತಾಣದಲ್ಲಿ, ಎಲ್ಲರಿಗೂ ಸಿಗುವ ಬೆಲೆಗೆ ಪುಸ್ತಕ ಕೊಂಡು ಬರೆದರೆ ಅಭಿಪ್ರಾಯದ ಮೇಲೆ ‘ದೃಢೀಕೃತ ಖರೀದಿ’ ಎಂಬರ್ಥದ ಗುರುತು ಬೀಳುತ್ತದೆ. ಗುರುತು ಇಲ್ಲದೆಯೂ ಬರೆಯಬಹುದು, ಆದರೆ ತೂಕ ಕಡಿಮೆ. ಪುಸ್ತಕದ ಹೆಸರಿನ ಕೆಳಗೆ ಕಾಣುವ 4.2, 3.8 ಮುಂತಾದ ಅಂಕಿ ಎಲ್ಲ ಸ್ಟಾರ್‌ಗಳನ್ನು ಕೂಡಿ ಭಾಗಿಸಿದ ಸರಾಸರಿ ಎಂದು ಹೆಚ್ಚಿನವರು ತಿಳಿದಿದ್ದಾರೆ. ಅಮೆಜಾನ್ 2015ರಿಂದ ಈಚೆಗೆ ಹಾಗೆ ಲೆಕ್ಕ ಹಾಕುವುದಿಲ್ಲ. ಅಭಿಪ್ರಾಯ ಎಷ್ಟು ಹೊಸದು, ಬರೆದವರು ಕೊಂಡವರೇ ಎಂಬಂಥ ಅಂಶಗಳನ್ನು ಯಂತ್ರ ತೂಗಿ ಅಂಕಿ ಕೊಡುತ್ತದೆ.

ಕನ್ನಡ ಸಾಹಿತ್ಯಲೋಕಕ್ಕೆ ಹೆಚ್ಚು ತಾಗುವ ನಿಯಮ ಇನ್ನೊಂದಿದೆ. ಲೇಖಕರು ತಮ್ಮ ಪುಸ್ತಕಕ್ಕೆ ತಾವು ಬರೆಯುವಂತಿಲ್ಲ; ಮನೆಯವರು, ಆಪ್ತ ಸ್ನೇಹಿತರು, ಪುಸ್ತಕ ತಯಾರಿಯಲ್ಲಿ ಕೈಜೋಡಿಸಿದವರೂ ಬರೆಯುವಂತಿಲ್ಲ. ನಮ್ಮಲ್ಲಿ ಓದುವವರು, ಬರೆಯುವವರು, ಪ್ರಕಟಿಸುವವರು ಒಬ್ಬರಿಗೊಬ್ಬರು ಗೊತ್ತಿರುವವರೇ. ಬಿಡುಗಡೆ ಸಮಾರಂಭಕ್ಕೆ ಬಂದ ಗೆಳೆಯರೆಲ್ಲ ಅದೇ ಸಂಜೆ ಐದು ಸ್ಟಾರ್ ಹಾಕಿದರೆ ಯಂತ್ರಕ್ಕೆ ಅದು ಕೂಟದ ಕೆಲಸವಾಗಿ ಕಾಣುತ್ತದೆ, ಆ ಸಾಲಿನಲ್ಲಿ ನಿಜವಾಗಿ ಓದಿ ಬರೆದವರ ಮಾತೂ ಹೋಗುತ್ತದೆ. ನನ್ನ ಸಲಹೆ ಇಷ್ಟು: ಲೇಖಕರ ಮನೆಯಲ್ಲಿ ಊಟ ಮಾಡುವಷ್ಟು ಸಲುಗೆ ಇದ್ದರೆ ಅಂಗಡಿಯ ಪುಟದಲ್ಲಿ ಬರೆಯಬೇಡಿ. ಪತ್ರಿಕೆಗೆ ಬರೆಯಿರಿ, ಸಂಬಂಧವನ್ನು ಹೇಳಿಕೊಂಡು ಫೇಸ್‌ಬುಕ್‌ನಲ್ಲಿ ಬರೆಯಿರಿ. ಪ್ರಕಾಶಕರು ಆ ಮಾತನ್ನು ಪುಸ್ತಕದ ಪುಟದಲ್ಲಿ ಪತ್ರಿಕಾ ವಿಮರ್ಶೆಗಳಿಗೆಂದು ಇರುವ ಪ್ರತ್ಯೇಕ ಜಾಗದಲ್ಲಿ ಸೇರಿಸಬಹುದು. ಲೇಖಕರೊಬ್ಬರು ಇನ್ನೊಬ್ಬ ಲೇಖಕರ ಪುಸ್ತಕದ ಬಗ್ಗೆ ಬರೆಯಲು ಅಡ್ಡಿಯಿಲ್ಲ, ಹತ್ತಿರದ ಸಂಬಂಧ ಇರಬಾರದು ಅಷ್ಟೆ.

ಗೌರವ ಪ್ರತಿಯ ವಿಷಯದಲ್ಲಿ ಗೊಂದಲ ಬೇಡ. ಅಮೆಜಾನ್ 2016ರಲ್ಲಿ ಉಚಿತ ವಸ್ತು ಪಡೆದು ಅಭಿಪ್ರಾಯ ಬರೆಯುವುದನ್ನು ನಿಷೇಧಿಸಿದಾಗ ಪುಸ್ತಕಗಳಿಗೆ ವಿನಾಯಿತಿ ಕೊಟ್ಟಿತು. ಪ್ರಕಾಶಕರು ಪ್ರತಿ ಕೊಡಬಹುದು. ಬರೆಯಲೇಬೇಕು ಎಂದೋ ಹೊಗಳಬೇಕು ಎಂದೋ ಷರತ್ತು ಹಾಕುವಂತಿಲ್ಲ. ಪ್ರತಿ ಉಚಿತವಾಗಿ ಬಂದಿದ್ದರೆ ಮೊದಲ ವಾಕ್ಯದಲ್ಲೇ ಹೇಳಿಬಿಡಿ. ಓದುವವರಿಗೂ ಅದರಿಂದ ವಿಶ್ವಾಸ ಬರುತ್ತದೆ.

ಏನನ್ನು ಬರೆಯಬಾರದು ಎಂಬುದಕ್ಕೆ ಬಂದರೆ, ಮೊದಲ ಸ್ಥಾನ ಪಾರ್ಸೆಲ್ಲಿನ ದೂರಿಗೆ. ಹೊದಿಕೆ ಹರಿದಿತ್ತು, ಮೂಲೆ ಮಡಚಿತ್ತು, ಹತ್ತು ದಿನ ತಡವಾಯಿತು, ಇವೆಲ್ಲ ನಿಜವಾದ ತೊಂದರೆಗಳೇ. ಆದರೆ ಇವುಗಳಿಗೆ ಮಾರಾಟಗಾರರ ಬಗ್ಗೆ ಬರೆಯುವ ಬೇರೆ ಜಾಗ ಇದೆ. ಪುಸ್ತಕದ ಅಭಿಪ್ರಾಯದಲ್ಲಿ ಬರೆದರೆ ನಿಯಮದ ಪ್ರಕಾರ ತೆಗೆದುಹಾಕುತ್ತಾರೆ. ತೆಗೆಯದಿದ್ದರೆ ಇನ್ನೂ ಕೆಟ್ಟದ್ದು: ಮೂವರೇ ಬರೆದ ಕವನ ಸಂಕಲನದಲ್ಲಿ ಇಬ್ಬರು ಐದು ಕೊಟ್ಟು, ಒಬ್ಬರು ಅಂಚೆ ತಡವಾಯಿತೆಂದು ಒಂದು ಕೊಟ್ಟರೆ ಸರಳ ಸರಾಸರಿ 3.7ಕ್ಕೆ ಬೀಳುತ್ತದೆ. ಕೊರಿಯರ್‌ನವರ ತಪ್ಪಿಗೆ ಕವಿ ದಂಡ ತೆರಬೇಕಾಗುತ್ತದೆ. ಇದು ನನಗೆ ಬಹಳ ನೋವು ಕೊಡುವ ಸಂಗತಿ. ಪುಟ ಕಟ್ಟುವಾಗಲೇ ಹಾಳೆ ಬಿಟ್ಟುಹೋಗಿದ್ದರೆ, ಅಕ್ಷರ ತೀರಾ ಸಣ್ಣದಾಗಿದ್ದರೆ, ಕರಡು ತಿದ್ದದೆ ತಪ್ಪು ತುಂಬಿದ್ದರೆ ಮಾತ್ರ ಬರೆಯಿರಿ. ಅದು ಪುಸ್ತಕದ ಗುಣಕ್ಕೇ ಸೇರಿದ್ದು, ಪ್ರಕಾಶಕರಿಗೂ ತಿಳಿಯಬೇಕಾದದ್ದು.

ಫೋನ್ ನಂಬರ್, ಬೇರೆ ಅಂಗಡಿಯ ಬೆಲೆ, ಬೇರೆ ತಾಣದ ಕೊಂಡಿ, ಇವು ಯಂತ್ರದ ಕಣ್ಣಿಗೆ ತಕ್ಷಣ ಬೀಳುತ್ತವೆ. ಬೈಗುಳವೂ ಅಷ್ಟೇ. ಕಾದಂಬರಿಯ ಪಾತ್ರ ಆಡಿದ ಒರಟು ಮಾತನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿದರೂ ಅದು ಯಾರ ಮಾತು ಎಂದು ಯಂತ್ರ ವಿಚಾರಿಸುವುದಿಲ್ಲ. ದಲಿತ, ಬಂಡಾಯ ಸಾಹಿತ್ಯದ ಬಗ್ಗೆ ಬರೆಯುವವರಿಗೆ ಇದು ನಿಜವಾದ ಕಷ್ಟ. ಅಂಥ ಸಾಲನ್ನು ಉದ್ಧರಿಸದೆ, ಆ ಮಾತು ಕಥೆಯಲ್ಲಿ ಏನು ಮಾಡುತ್ತದೆ ಎಂದು ನಿಮ್ಮ ಮಾತಿನಲ್ಲಿ ಹೇಳಿದರೆ ಬರಹ ದಾಟುವ ಸಾಧ್ಯತೆ ಹೆಚ್ಚು.

ಕನ್ನಡ ಅಕ್ಷರಗಳ ಪಾಡು

ಕನ್ನಡದಲ್ಲಿ ಬರೆದ ಅಭಿಪ್ರಾಯ ಕೆಡುವುದಕ್ಕೆ ಮೊದಲ ಕಾರಣ ‘ನುಡಿ’ ಮತ್ತು ‘ಬರಹ’ ತಂತ್ರಾಂಶಗಳ ಹಳೆಯ ಫಾಂಟ್‌ಗಳು. ಡಿಟಿಪಿ ಕೆಲಸದಲ್ಲಿ, ಸರ್ಕಾರಿ ಕಚೇರಿಗಳಲ್ಲಿ, ಶಾಲೆಗಳಲ್ಲಿ ವರ್ಷಗಟ್ಟಲೆ ಇವನ್ನೇ ಬಳಸಿದವರು ಬೇಕಾದಷ್ಟಿದ್ದಾರೆ. ಈ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆಯೇ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರೆ. ನಿಮ್ಮ ಕಂಪ್ಯೂಟರಿನಲ್ಲಿ ಚೆಂದದ ಕನ್ನಡವಾಗಿ ಕಂಡದ್ದು ಜಾಲತಾಣದ ಚೌಕಟ್ಟಿಗೆ ಪೇಸ್ಟ್ ಮಾಡಿದ ಕೂಡಲೇ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಆಗುತ್ತದೆ. ಜಾಲತಾಣಕ್ಕೆ ಬೇಕಾದದ್ದು ಪ್ರತಿ ಲಿಪಿಗೂ ಅದರದೇ ಸಂಕೇತಗಳನ್ನು ಕೊಡುವ ಯುನಿಕೋಡ್. ಯುನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿದ್ದಾರೆ. ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ಬರಹ ಇದ್ದರೆ ಅದನ್ನು ಯುನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳು ಅಂತರ್ಜಾಲದಲ್ಲಿ ಸಿಗುತ್ತವೆ. ಪರಿವರ್ತಿಸಿದ ಮೇಲೆ ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಒಮ್ಮೆ ಕಣ್ಣಾಡಿಸಿ ನೋಡಿ, ತಪ್ಪಾಗುವುದು ಅಲ್ಲೇ. ಹೊಸದಾಗಿ ಬರೆಯುವವರಿಗೆ ಮೊಬೈಲಿನ ಜಿಬೋರ್ಡ್ ಸಾಕು, ಅದು ಯುನಿಕೋಡ್‌ನಲ್ಲೇ ಮೂಡುತ್ತದೆ. ಟೈಪ್ ಮಾಡಲು ಬೇಸರವಾದರೆ ಮೈಕ್ ಗುರುತು ಒತ್ತಿ ಮಾತಾಡಿದರೂ ಆಗುತ್ತದೆ. ಪೂರ್ಣವಿರಾಮಗಳನ್ನು, ಅಲ್ಪಪ್ರಾಣ ಮಹಾಪ್ರಾಣಗಳನ್ನು ಆಮೇಲೆ ತಿದ್ದಬೇಕು.

ಪರದೆಯ ಮೇಲೆ ಕಾಣುವ ಚಿಹ್ನೆ ನೋಡಿಯೇ ರೋಗ ಹೇಳಬಹುದು. ಖಾಲಿ ಚೌಕಗಳು ಕಂಡರೆ ನೋಡುತ್ತಿರುವ ಸಾಧನದಲ್ಲಿ ಕನ್ನಡ ಫಾಂಟ್ ಇಲ್ಲ ಎಂದರ್ಥ, ಬರಹ ಸುರಕ್ಷಿತವಾಗಿದೆ. ಚುಕ್ಕಿಗಳ ವೃತ್ತದ ಪಕ್ಕ ಕೊಂಬೋ ದೀರ್ಘವೋ ಒಂಟಿಯಾಗಿ ನಿಂತಿದ್ದರೆ ಅಕ್ಷರಗಳ ಅನುಕ್ರಮ ಕೆಟ್ಟಿದೆ. ಪಿಡಿಎಫ್‌ನಿಂದ ನಕಲು ಮಾಡಿದಾಗ ಹೀಗಾಗುವುದು ಹೆಚ್ಚು. ಸಾಲುಗಟ್ಟಿ ಪ್ರಶ್ನಾರ್ಥಕ ಚಿಹ್ನೆಗಳು ಬಂದಿದ್ದರೆ ಅಂಗಡಿಯವರ ದತ್ತಾಂಶ ಕೋಶಕ್ಕೆ ಯುನಿಕೋಡ್ ತಿಳಿಯದು. ಅಲ್ಲಿಗೆ ಹೋದ ಬರಹವನ್ನು ಮರಳಿ ಪಡೆಯಲಾಗದು, ಏಕೆಂದರೆ ಉಳಿದಿರುವುದು ಆ ಚಿಹ್ನೆಗಳು ಮಾತ್ರ. ಕನ್ನಡ ಪುಸ್ತಕ ಮಾರುವ ತಾಣದಲ್ಲಿ ಹೀಗಾದರೆ ಅಂಗಡಿಯವರಿಗೆ ಫೋನ್ ಮಾಡಿ ಹೇಳಲೇಬೇಕು.

ಅಕ್ಷರಮಿತಿಯ ಲೆಕ್ಕವೂ ಕನ್ನಡಕ್ಕೆ ಪ್ರತಿಕೂಲ. ‘ಸ್ತ್ರೀ’ ನಮಗೆ ಒಂದು ಅಕ್ಷರ. ಯುನಿಕೋಡ್‌ನಲ್ಲಿ ಅದು ಸ, ವಿರಾಮ, ತ, ವಿರಾಮ, ರ, ಈ ಸ್ವರದ ಗುರುತು ಸೇರಿ ಆರು ಸಂಕೇತ. ಪ್ರತಿ ಸಂಕೇತಕ್ಕೂ ಯುಟಿಎಫ್-8 ಪದ್ಧತಿಯಲ್ಲಿ ಮೂರು ಬೈಟ್ ಬೇಕು, ಒಟ್ಟು 18. ಇಂಗ್ಲಿಷ್ ಅಕ್ಷರಕ್ಕೆ ಒಂದೇ ಬೈಟ್ ಸಾಕು. ಆದ್ದರಿಂದ ಸಾವಿರ ಅಕ್ಷರಗಳ ಮಿತಿ ಇರುವ ಚೌಕಟ್ಟಿನಲ್ಲಿ ನೀವು ಎಣಿಸಿದ್ದಕ್ಕಿಂತ ಎಷ್ಟೋ ಮೊದಲೇ ಜಾಗ ಮುಗಿಯುತ್ತದೆ, ಕೆಲವು ತಾಣಗಳು ಎಚ್ಚರಿಸದೆ ಕೊನೆಯ ವಾಕ್ಯವನ್ನು ಕತ್ತರಿಸುತ್ತವೆ. ಮುಖ್ಯ ಮಾತನ್ನು ಕೊನೆಗೆ ಇಟ್ಟುಕೊಳ್ಳಬೇಡಿ.

ಕನ್ನಡವನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದರೆ ಇವೆಲ್ಲ ಕಷ್ಟ ತಪ್ಪುತ್ತದಲ್ಲ ಎಂದು ಕೇಳುವವರಿದ್ದಾರೆ. ಹಾಗೆ ಬರೆದದ್ದನ್ನು ಕನ್ನಡ ಓದುಗರು ಪ್ರಯಾಸದಿಂದ ಓದಬೇಕು, ಇತರರು ಓದಲಾರರು, ಹುಡುಕಾಟದಲ್ಲೂ ಸಿಗದು. ಕನ್ನಡ ಲಿಪಿಯಲ್ಲೇ ಬರೆಯಿರಿ. ಹೊರದೇಶದ ತಾಣದಲ್ಲಿ ಬರೆಯುವವರು ಮಾತ್ರ ಒಂದು ವಿಷಯ ತಿಳಿದಿರಬೇಕು: ಆಯಾ ದೇಶದ ತಾಣ ಬೆಂಬಲಿಸುವ ಭಾಷೆಯಲ್ಲಿ ಇದ್ದರಷ್ಟೇ ಪ್ರಕಟಿಸುತ್ತೇವೆ ಎಂಬುದು ಅಮೆಜಾನ್‌ನ ನಿಯಮ. ಅಮೆರಿಕದ ತಾಣದ ಭಾಷೆಗಳಲ್ಲಿ ಕನ್ನಡ ಇಲ್ಲ. ಅಲ್ಲಿರುವವರು ಅನುವಾದಗಳ ಬಗ್ಗೆ ಇಂಗ್ಲಿಷಿನಲ್ಲಿ ಬರೆದು, ಕನ್ನಡದ ಮೂಲಕೃತಿಯ ಬಗ್ಗೆ ಕನ್ನಡದ ಮಳಿಗೆಗಳ ತಾಣದಲ್ಲಿ ಬರೆಯುವುದು ಸೂಕ್ತ. ಭಾರತದ ಅಮೆಜಾನ್ ಕನ್ನಡದಲ್ಲಿ ವ್ಯವಹರಿಸಲು ಶುರು ಮಾಡಿದ್ದು 2020ರ ಸೆಪ್ಟೆಂಬರ್‌ನಲ್ಲಿ. ಅದಕ್ಕೂ ಮೊದಲು, 2016ರ ಡಿಸೆಂಬರ್‌ನಲ್ಲಿ, ಕಿಂಡಲ್‌ಗೆ ಐದು ಭಾರತೀಯ ಭಾಷೆಗಳನ್ನು ತಂದಾಗ ಕನ್ನಡವನ್ನು ಹೊರಗಿಟ್ಟಿದ್ದರು. ಬಳಸುವವರು ಕಾಣದಿದ್ದರೆ ಕಂಪನಿಗಳು ಭಾಷೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕನ್ನಡದಲ್ಲಿ ಬರೆದ ಪ್ರತಿ ಅಭಿಪ್ರಾಯವೂ ಕನ್ನಡ ಬಳಸುವವರಿದ್ದೇವೆ ಎಂಬುದಕ್ಕೆ ದಾಖಲೆ.

ಯಾವ ಪುಟದಲ್ಲಿ?

‘ಮಲೆಗಳಲ್ಲಿ ಮದುಮಗಳು’ ಹುಡುಕಿ ನೋಡಿ. ಹೆಸರನ್ನು ಇಂಗ್ಲಿಷ್ ಲಿಪಿಯಲ್ಲಿ ಒಬ್ಬೊಬ್ಬ ಮಾರಾಟಗಾರ ಒಂದೊಂದು ರೀತಿ ಬರೆದಿರುವುದರಿಂದ ಒಂದೇ ಕಾದಂಬರಿಗೆ ಹಲವು ಪುಟಗಳು ಎದುರಾಗಬಹುದು. ಅಭಿಪ್ರಾಯಗಳೂ ಅಷ್ಟು ಕಡೆ ಹಂಚಿಹೋಗುತ್ತವೆ. ಕೆಲವು ಪುಟಗಳಲ್ಲಿ ಪ್ರತಿ ಮುಗಿದು ವರ್ಷಗಳಾಗಿರುತ್ತವೆ. ಅಲ್ಲಿ ಬರೆದರೆ ಯಾರೂ ಓದುವುದಿಲ್ಲ. ಬರೆಯುವ ಮೊದಲು ಪುಸ್ತಕದ ಹಿಂಬದಿಯ ಐಎಸ್‌ಬಿಎನ್ ನೋಡಿ. 2007ರಿಂದ ಅದು 13 ಅಂಕಿಗಳದ್ದು, ಭಾರತದ್ದಾದರೆ 978ರ ನಂತರ 81 ಅಥವಾ 93 ಇರುತ್ತದೆ. ಹೆಸರಿನ ಬದಲು ಆ ಅಂಕಿಗಳನ್ನು ಹುಡುಕುವ ಜಾಗದಲ್ಲಿ ಹಾಕಿದರೆ ಸರಿಯಾದ ಪುಟ ಸಿಗುತ್ತದೆ. ನಮ್ಮ ಕೆಲವು ಸಣ್ಣ ಪ್ರಕಾಶಕರು ಇನ್ನೂ ಐಎಸ್‌ಬಿಎನ್ ಇಲ್ಲದೆ ಪುಸ್ತಕ ತರುತ್ತಾರೆ. ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಸಂಸ್ಥೆ ಅದನ್ನು ಉಚಿತವಾಗಿ ಕೊಡುತ್ತದೆ. ಶುಲ್ಕವಿಲ್ಲದ ಈ ಕೆಲಸ ಮಾಡದೆ ತಮ್ಮ ಪುಸ್ತಕ ಹುಡುಕಿದರೆ ಸಿಗದಂತೆ ಮಾಡಿಕೊಳ್ಳುವುದು ಸರಿಯಲ್ಲ.

ಮೂಲ ಮತ್ತು ಅನುವಾದ ಬೆರೆಯುವುದು ಇನ್ನೊಂದು ತೊಡಕು. ಬಾನು ಮುಷ್ತಾಕ್ ಅವರ ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಮೇಲೆ ಕನ್ನಡದ ಕಥೆಗಳನ್ನೂ ಜನ ಹುಡುಕತೊಡಗಿದರು. ಕನ್ನಡದಲ್ಲಿ ಓದಿದವರು ಕನ್ನಡದ ಪುಸ್ತಕದ ಪುಟದಲ್ಲಿ ಬರೆಯಬೇಕು, ಅನುವಾದ ಓದಿದವರು ಅನುವಾದದ ಪುಟದಲ್ಲಿ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ಗೂ ಶ್ರೀನಾಥ್ ಪೆರೂರ್ ಅವರ ಇಂಗ್ಲಿಷ್ ಅನುವಾದಕ್ಕೂ ಇದೇ ಮಾತು. ತಾಣವೇ ಎರಡನ್ನೂ ಸೇರಿಸಿ ತೋರಿಸುತ್ತಿದ್ದರೆ, ಯಾವ ಭಾಷೆಯಲ್ಲಿ, ಯಾರ ಪ್ರಕಟಣೆಯನ್ನು ಓದಿದಿರಿ ಎಂದು ಮೊದಲೇ ಬರೆಯಿರಿ. ಅನುವಾದಕರ ಹೆಸರು ಬರೆಯಲು ಮರೆಯಬೇಡಿ.

ತಿರಸ್ಕಾರ ಬಂದಾಗ

ಮೊದಲು ಮೂರು ದಿನ ಕಾಯಿರಿ. ಪರಿಶೀಲನೆಗೆ ಅಷ್ಟು ಸಮಯ ಹಿಡಿಯುವುದು ಮಾಮೂಲು. ಅವಸರದಲ್ಲಿ ಅದನ್ನೇ ಮತ್ತೆ ಮತ್ತೆ ಕಳಿಸಿದರೆ ಖಾತೆಯ ಮೇಲೆ ಅನುಮಾನ ಬರುತ್ತದೆ. ತಿರಸ್ಕಾರದ ಮೇಲ್ ಬಂದಿದ್ದರೆ ಮೇಲೆ ಹೇಳಿದ ಕೊಂಡಿ, ಬೆಲೆ, ಫೋನ್ ನಂಬರ್, ಪಾರ್ಸೆಲ್ ದೂರು, ಒರಟು ಪದ ಇವುಗಳಲ್ಲಿ ಯಾವುದಾದರೂ ಇದೆಯೇ ನೋಡಿ, ತೆಗೆದು, ಚಿಕ್ಕದಾಗಿ ಮಾಡಿ ಇನ್ನೊಮ್ಮೆ ಕಳಿಸಿ.

ಕನ್ನಡದ ಸಣ್ಣ ಮಳಿಗೆಗಳ ತಾಣದಲ್ಲಿ ಬರಹ ಕಾಣಿಸದಿದ್ದರೆ ಕಾರಣ ಸಾಮಾನ್ಯವಾಗಿ ಬೇರೆ. ಅಂಥ ಅನೇಕ ಮಳಿಗೆಗಳು ವರ್ಡ್‌ಪ್ರೆಸ್‌ನಂಥ ಸಿದ್ಧ ತಂತ್ರಾಂಶದ ಮೇಲೆ ನಡೆಯುತ್ತವೆ. ಅದರಲ್ಲಿ ಮೊದಲ ಸಲ ಬರೆಯುವವರ ಬರಹ ಯಾರಾದರೂ ಒಪ್ಪಿಗೆ ಕೊಡುವವರೆಗೆ ಒಳಗೇ ಕಾಯುವ ವ್ಯವಸ್ಥೆ ಮೊದಲಿನಿಂದಲೇ ಇರುತ್ತದೆ. ಎರಡು ಕೊಂಡಿಗಳಿದ್ದರೂ ತಡೆಯುತ್ತದೆ. ಪುಸ್ತಕ ಕಟ್ಟುವುದು, ಅಂಚೆಗೆ ಹಾಕುವುದು, ಲೆಕ್ಕ ಬರೆಯುವುದು ಎಲ್ಲ ಒಬ್ಬಿಬ್ಬರೇ ಮಾಡುವ ಕಡೆ ಒಪ್ಪಿಗೆಗೆ ಕಾದಿರುವ ಬರಹಗಳ ಪಟ್ಟಿಯನ್ನು ತೆರೆದು ನೋಡಿರುವುದೇ ಇಲ್ಲ. ಅವರಿಗೆ ವಾಟ್ಸ್ಆ್ಯಪ್‌ನಲ್ಲಿ ಒಂದು ಸಂದೇಶ ಹಾಕಿ, ‘ಸರ್, ನಾನು ಈ ಪುಸ್ತಕದ ಬಗ್ಗೆ ಬರೆದದ್ದು ಒಪ್ಪಿಗೆಗೆ ಕಾದಿದೆ, ದಯವಿಟ್ಟು ನೋಡಿ’ ಎಂದರೆ ಕೆಲಸ ಆಗುತ್ತದೆ. ದೊಡ್ಡ ಕಂಪನಿಯ ಜತೆ ಇಷ್ಟು ಸುಲಭ ಇಲ್ಲ.

ದೊಡ್ಡ ಕಂಪನಿಗಾದರೂ ಕಾನೂನಿನ ಹೊಣೆ ಇದೆ. ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳು, 2020ರ ಪ್ರಕಾರ ಪ್ರತಿ ಇ-ಕಾಮರ್ಸ್ ಸಂಸ್ಥೆಯೂ ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ, ಹೆಸರನ್ನೂ ಸಂಪರ್ಕವನ್ನೂ ತಾಣದಲ್ಲಿ ಪ್ರಕಟಿಸಬೇಕು. ಗ್ರಾಹಕರ ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಮಾರಾಟಗಾರ ಗ್ರಾಹಕನ ಸೋಗಿನಲ್ಲಿ ಅಭಿಪ್ರಾಯ ಬರೆಯುವುದನ್ನೂ ಅದೇ ನಿಯಮಗಳು ನಿಷೇಧಿಸಿವೆ. 2022ರ ನವೆಂಬರ್‌ನಲ್ಲಿ ಭಾರತೀಯ ಮಾನಕ ಬ್ಯೂರೊ ಆನ್‌ಲೈನ್ ಅಭಿಪ್ರಾಯಗಳಿಗಾಗಿಯೇ ಐಎಸ್ 19000:2022 ಎಂಬ ಮಾನದಂಡ ತಂದಿತು. ಅಭಿಪ್ರಾಯಗಳನ್ನು ಹೇಗೆ ಸಂಗ್ರಹಿಸಬೇಕು, ಹೇಗೆ ಪರಿಶೀಲಿಸಬೇಕು, ಹೇಗೆ ಪ್ರಕಟಿಸಬೇಕು ಎಂಬುದೆಲ್ಲ ಅದರಲ್ಲಿದೆ. ಆದರೆ ಅದನ್ನು ಸ್ವಯಂಪ್ರೇರಣೆಯಿಂದ ಪಾಲಿಸುವ ಮಾನದಂಡವಾಗಿಯೇ ತಂದರು. ಇವೆಲ್ಲ ಇದ್ದರೂ ನಿಮ್ಮ ಬರಹವನ್ನು ಪ್ರಕಟಿಸಲೇಬೇಕು ಎಂದು ಅಂಗಡಿಯನ್ನು ಒತ್ತಾಯಿಸುವ ಹಕ್ಕು ನಮಗಿಲ್ಲ ಎಂಬುದನ್ನು ತಿಳಿದಿರಿ. ಕಾರಣ ಕೇಳಬಹುದು, ನಕಲಿ ಅಭಿಪ್ರಾಯಗಳ ಬಗ್ಗೆ ದೂರಬಹುದು. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಕಟುವಾಗಿ ಬರೆದರೆ ಮಾನನಷ್ಟ ಮೊಕದ್ದಮೆ ಬರಬಹುದೇ ಎಂಬ ಅಂಜಿಕೆಯೂ ಕೆಲವರಿಗಿದೆ. 1860ರ ಭಾರತೀಯ ದಂಡ ಸಂಹಿತೆ ಈ ಪ್ರಶ್ನೆಗೆ ಪುಸ್ತಕದ ಉದಾಹರಣೆಯನ್ನೇ ಕೊಟ್ಟು ಉತ್ತರಿಸಿತ್ತು. ಪುಸ್ತಕ ಪ್ರಕಟಿಸಿದವರು ಅದನ್ನು ಸಾರ್ವಜನಿಕರ ತೀರ್ಮಾನಕ್ಕೆ ಒಪ್ಪಿಸಿದಂತೆ. ಕೃತಿಯಲ್ಲಿ ಕಾಣುವಷ್ಟರ ಮಟ್ಟಿಗೆ ಸದ್ಭಾವನೆಯಿಂದ ಎಷ್ಟೇ ಖಾರವಾಗಿ ಅಭಿಪ್ರಾಯ ಹೇಳಿದರೂ ಅದು ಮಾನನಷ್ಟವಲ್ಲ. ಕೃತಿಯನ್ನು ಬಿಟ್ಟು, ಲೇಖಕರ ನಡತೆ ಹೀಗಿರುವುದರಿಂದ ಪುಸ್ತಕವೂ ಹೀಗಿದೆ ಎಂದು ಬರೆದರೆ ಆ ರಕ್ಷಣೆ ಸಿಗದು. ಅದರ ಬದಲು 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್‌ನಲ್ಲೂ ಈ ವಿನಾಯಿತಿ ಹಾಗೆಯೇ ಉಳಿದಿದೆ. ಪುಸ್ತಕದ ಬಗ್ಗೆ ಬರೆಯಿರಿ, ಬರೆದವರ ಬಗ್ಗೆ ಬೇಡ.

ನಿಮ್ಮ ಪ್ರತಿ ನಿಮ್ಮಲ್ಲಿರಲಿ

ಅಂಗಡಿಯ ಚೌಕಟ್ಟಿನಲ್ಲಿ ನೇರವಾಗಿ ಟೈಪ್ ಮಾಡಬೇಡಿ. ಲಾಗಿನ್ ಅವಧಿ ಮುಗಿದು, ವಿದ್ಯುತ್ ಹೋಗಿ, ಪುಟ ತಾನಾಗಿ ಹೊಸದಾಗಿ ತೆರೆದು ಬರೆದದ್ದೆಲ್ಲ ಹೋಗುವುದು ದಿನನಿತ್ಯದ ಸಂಗತಿ. ಮೊಬೈಲಿನ ನೋಟ್ಸ್‌ನಲ್ಲೋ ನಿಮಗೇ ಕಳಿಸಿಕೊಂಡ ಮೇಲ್‌ನಲ್ಲೋ ಮೊದಲು ಬರೆದು, ದಿನಾಂಕ ಹಾಕಿ ಇಟ್ಟುಕೊಂಡು, ಆಮೇಲೆ ಪೇಸ್ಟ್ ಮಾಡಿ. ಪ್ರಕಟವಾದ ಮೇಲೆ ಒಂದು ಸ್ಕ್ರೀನ್‌ಶಾಟ್ ತೆಗೆದಿಡಿ. ಕನ್ನಡದ ಮಳಿಗೆಯೊಂದರ ತಾಣದಲ್ಲಿ ನಾನು ಬರೆದ ಕೆಲವು ಪರಿಚಯಗಳು, ಅವರು ತಾಣವನ್ನು ಹೊಸದಾಗಿ ಕಟ್ಟಿಸಿದಾಗ ಉಳಿದ ಓದುಗರ ಮಾತುಗಳ ಜತೆ ಅಳಿಸಿಹೋದವು. ನನ್ನ ಬಳಿ ಪ್ರತಿ ಇತ್ತು. ಉಳಿದವರ ಬಳಿ ಇತ್ತೋ ಇಲ್ಲವೋ. ದೊಡ್ಡವರ ಬಾಗಿಲೂ ಮುಚ್ಚುತ್ತದೆ: ಓದುಗರ ತಾಣವಾಗಿದ್ದ ಶೆಲ್ಫಾರಿಯನ್ನು ಅಮೆಜಾನ್ 2008ರಲ್ಲಿ ಕೊಂಡು 2016ರಲ್ಲಿ ಮುಚ್ಚಿತು. ಓದುಗರು ಒಬ್ಬರ ಅಭಿಪ್ರಾಯದ ಕೆಳಗೆ ಇನ್ನೊಬ್ಬರು ಮಾತು ಸೇರಿಸುವ ಸೌಲಭ್ಯವನ್ನು ಅಮೆಜಾನ್ 2020ರ ಡಿಸೆಂಬರ್‌ನಲ್ಲಿ ನಿಲ್ಲಿಸಿತು.

ಬರಹದ ಹಕ್ಕು ನಿಮ್ಮಲ್ಲೇ ಉಳಿಯುತ್ತದೆ. ಅಮೆಜಾನ್‌ನ ಷರತ್ತುಗಳ ಪ್ರಕಾರ ನೀವು ಕೊಡುವುದು ಬಳಕೆಯ ಅನುಮತಿ ಮಾತ್ರ, ಅದು ಏಕಸ್ವಾಮ್ಯದ್ದಲ್ಲ. ಹಾಗಾಗಿ ಅದೇ ಮಾತನ್ನು ಗುಡ್‌ರೀಡ್ಸ್‌ನಲ್ಲಿ ಹಾಕಬಹುದು, ವಿಸ್ತರಿಸಿ ಪತ್ರಿಕೆಗೆ ಕಳಿಸಬಹುದು, ಬುಕ್ ಬ್ರಹ್ಮದಂಥ ಕನ್ನಡ ಪುಸ್ತಕಗಳ ತಾಣಕ್ಕೆ ಬರೆಯಬಹುದು. ಗುಡ್‌ರೀಡ್ಸ್ 2013ರಿಂದ ಅಮೆಜಾನ್‌ನದೇ ಆದರೂ ಕೊಂಡಿರಲೇಬೇಕೆಂಬ ಷರತ್ತು ಅಲ್ಲಿಲ್ಲ. ಗ್ರಂಥಾಲಯದ ಪುಸ್ತಕ ಓದಿದವರಿಗೆ ಅದು ಅನುಕೂಲ. ನೀವು ಬರೆದದ್ದನ್ನೆಲ್ಲ ಒಂದೇ ಕಡತವಾಗಿ ಇಳಿಸಿಕೊಳ್ಳುವ ಸೌಲಭ್ಯವೂ ಅಲ್ಲಿದೆ. ವರ್ಷಕ್ಕೊಮ್ಮೆ ಇಳಿಸಿಟ್ಟುಕೊಳ್ಳಿ.

ನಿಮ್ಮ ಕಪಾಟಿನಲ್ಲಿ ಒಂದೂ ಅಭಿಪ್ರಾಯವಿಲ್ಲದ ಕನ್ನಡ ಪುಸ್ತಕ ಖಂಡಿತ ಒಂದಾದರೂ ಇರುತ್ತದೆ. ನಿಮಗೆ ಮೆಚ್ಚುಗೆಯಾದದ್ದನ್ನು ಆರಿಸಿಕೊಳ್ಳಿ. ಅದರಲ್ಲಿ ಏನಿದೆ, ಯಾರಿಗೆ ಹಿಡಿಸಬಹುದು, ನಿಮಗೆ ಎಲ್ಲಿ ಸಾಲದೆನಿಸಿತು ಎಂದು ನಾಲ್ಕಾರು ವಾಕ್ಯ ಈ ವಾರವೇ ಬರೆಯಿರಿ. ಮೊದಲು ನಿಮ್ಮ ಕಡತದಲ್ಲಿ, ಆಮೇಲೆ ಅಂಗಡಿಯ ಪುಟದಲ್ಲಿ.